ಹಿಂದೆ ಬೀಳುವವನು ಮುಂದಿರಲಿ

ಹೋದ ಭಾನುವಾರ ಬೆಳಿಗ್ಗೆ ಪಾರ್ವತಿನಗರದ ನಮ್ಮ ಮನೆಗೆ ಮೂವರು ಯುವಕರು ಬಂದಿದ್ದರು. ಅವರಲ್ಲೊಬ್ಬ ನಮ್ಮ ಬೀದಿಯವನೇ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗವನ್ನು ಬಳ್ಳಾರಿಯ ತನ್ನ ಮನೆಯಿಂದಲೇ ಮಾಡುತ್ತಿರುವವನು. ಬರುವ ಡಿಸೆಂಬರಿನಲ್ಲಿ ಹನ್ನೆರಡು ಮಂದಿ ಒಟ್ಟಾಗಿ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಸೈಕಲ್ಲಿನಲ್ಲಿ ಹೋಗಬೇಕೆಂಬುದು ಅವರ ಸಂಕಲ್ಪ. ಮಾರ್ಗದ ನಕ್ಷೆ, ತಂಗುವ ಹೋಟೆಲುಗಳ ಪಟ್ಟಿ, ಹಿಂದೆ ಬರಲಿರುವ ವ್ಯಾನು, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಹೊರಡುವ ದಿನ ಬಾವುಟ ತೋರಿಸಲು ಒಬ್ಬ ಗಣ್ಯರು, ಹೀಗೆ ಎಲ್ಲವೂ ಸಿದ್ಧವಾಗಿತ್ತು. ನನ್ನಿಂದ ಅವರಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ‘ದಿನಕ್ಕೆ 120 ಕಿಲೊಮೀಟರ್ ಆಗಬಹುದೇ ಸರ್?’

ಆಗಬಹುದು ಎಂದೆ. ಆ ವೇಗದಲ್ಲಿ ಹೋದರೆ ಅವರು ಜಮ್ಮು ದಾಟುವುದು ಹಿಮ ಬೀಳುವ ಜನವರಿಯಲ್ಲಿ ಎಂಬುದನ್ನೂ ಹೇಳಿದೆ. ಅದನ್ನು ಅವರು ಯೋಚಿಸಿರಲಿಲ್ಲ. ಆದರೆ ನಾನು ಹೇಳಬೇಕೆಂದಿದ್ದ ಮುಖ್ಯವಾದ ಮಾತು ಬೇರೆಯೇ ಇತ್ತು. ಅದನ್ನು ಅವರ ಮುಂದೆ ಸರಿಯಾಗಿ ಹೇಳಲಾಗಲಿಲ್ಲ. ಈ ಬರಹ ಆ ಸಂಕೋಚದಿಂದ ಹುಟ್ಟಿದ್ದು.

ಅವರು ನನ್ನನ್ನು ಹುಡುಕಿಕೊಂಡು ಬರಲು ಕಾರಣ, ಸುಮಾರು ನಾಲ್ಕು ದಶಕಗಳ ಹಿಂದೆ ನಾವು ಎಂಟು ಮಂದಿ ಗೆಳೆಯರು ಮಾಡಿದ ಒಂದು ಪ್ರಯಾಣ. ಅದರ ಪ್ರೇರಣೆ ನಮ್ಮದಲ್ಲ. 1985ರ ಡಿಸೆಂಬರಿನಲ್ಲಿ ಬಾಬಾ ಆಮ್ಟೆಯವರು 116 ಯುವಕ ಯುವತಿಯರೊಡನೆ ಕನ್ಯಾಕುಮಾರಿಯಿಂದ ಹೊರಟಿದ್ದರು. ಇಂದಿರಾ ಗಾಂಧಿಯವರ ಹತ್ಯೆ, ಅದರ ಬೆನ್ನಿಗೇ ದೆಹಲಿಯ ಸಿಖ್ಖರ ಮಾರಣಹೋಮ ನಡೆದು ಒಂದು ವರ್ಷವಷ್ಟೇ ಕಳೆದಿತ್ತು. ಪಂಜಾಬ್ ಇನ್ನೂ ಉರಿಯುತ್ತಿತ್ತು. ‘ಭಾರತ ಜೋಡೋ’ ಎಂಬುದು ಆ ಯಾತ್ರೆಯ ಹೆಸರು. (2022ರಲ್ಲಿ ಬಳ್ಳಾರಿಗೂ ಬಂದ ರಾಜಕೀಯ ಪಾದಯಾತ್ರೆಗೂ ಇದೇ ಹೆಸರಿತ್ತು, ನಾನು ಹೇಳುತ್ತಿರುವುದು ಅದಕ್ಕಿಂತ ಮೂರೂವರೆ ದಶಕ ಹಿಂದಿನ ಮಾತು.) ಯುವಜನರು ಸೈಕಲ್ ತುಳಿದರು. ಎಪ್ಪತ್ತು ದಾಟಿದ, ಬೆನ್ನುಮೂಳೆಯ ಕಾಯಿಲೆಯಿಂದ ಕುಳಿತುಕೊಳ್ಳಲೂ ಆಗದ ಬಾಬಾ, ವಾಹನವೊಂದರಲ್ಲಿ ಮಲಗಿಕೊಂಡೇ ದೇಶದ ಉದ್ದಕ್ಕೂ ಅವರ ಜೊತೆ ಸಾಗಿದರು. 1988ರಲ್ಲಿ ಮತ್ತೊಮ್ಮೆ, ಈ ಬಾರಿ ದೇಶದ ಪೂರ್ವದ ಅಂಚಿನಿಂದ ಪಶ್ಚಿಮದ ಗುಜರಾತಿಗೆ, ಅಂಥದೇ ಯಾತ್ರೆ ಹೊರಟಿತು.

ಮೊದಲ ಯಾತ್ರೆಯ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿದ ನಮಗೆ ಇಡೀ ದೇಶವನ್ನು ದಾಟುವಷ್ಟು ರಜೆಯೂ ಇರಲಿಲ್ಲ, ಹಣವೂ ಇರಲಿಲ್ಲ. ಬಾಬಾ ಅವರು ಕುಷ್ಠರೋಗಿಗಳಿಗಾಗಿ ಕಟ್ಟಿದ ಆನಂದವನ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ವರೋರಾದಲ್ಲಿದೆ. ಅಲ್ಲಿಯವರೆಗಾದರೂ ಹೋಗಿಬರೋಣವೆಂದು 1987ರ ಜನವರಿಯಲ್ಲಿ ಬಳ್ಳಾರಿ ಬಿಟ್ಟೆವು. ಸಿರುಗುಪ್ಪ, ಸಿಂಧನೂರು, ಮಾನ್ವಿ, ರಾಯಚೂರು. ಅಲ್ಲಿಂದ ಕೃಷ್ಣೆಯನ್ನು ದಾಟಿ ಮಕ್ತಲ್, ಮೆಹಬೂಬ್‌ನಗರ, ಹೈದರಾಬಾದ್. ಗೋದಾವರಿಯನ್ನು ದಾಟಿ ನಿರ್ಮಲ್, ಆದಿಲಾಬಾದ್. ಪೈನಗಂಗೆಯನ್ನು ದಾಟಿ ವಣಿ, ವರೋರಾ. ಒಟ್ಟು ಸುಮಾರು 800 ಕಿಲೊಮೀಟರ್, ಹದಿಮೂರು ದಿನ. ಎಂಟರಲ್ಲಿ ಮೂರು ಸೈಕಲ್ಲುಗಳು ಅಟ್ಲಾಸ್, ಎರಡು ಹರ್ಕ್ಯುಲಿಸ್, ಒಂದು ನನ್ನ ತಂದೆಯವರ ಕಾಲದ ರ‍್ಯಾಲೆ. ಉಳಿದೆರಡು ಕೌಲ್ ಬಜಾರಿನ ಅಂಗಡಿಯಿಂದ ತಿಂಗಳ ಬಾಡಿಗೆಗೆ ತಂದವು. ಕ್ಯಾರಿಯರಿನ ಮೇಲೆ ಹಾಸಿಗೆಸುರುಳಿ, ಹ್ಯಾಂಡಲಿಗೆ ನೀರಿನ ಕ್ಯಾನು, ಚೀಲದಲ್ಲಿ ಪಂಪು, ಪಂಚರಿನ ಸೊಲ್ಯೂಶನ್ನು, ಒಂದು ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ.

ಸೈಕಲ್ಲಿನ ಮೇಲೆ ಗಡಿಗಳು ಹೇಗೆ ಕಾಣುತ್ತವೆ ಎಂಬುದನ್ನು ಬಳ್ಳಾರಿಯವರು ಬೇಗ ಅರಿಯುತ್ತಾರೆ. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯವನ್ನು ಒಡೆದು ಆಂಧ್ರವನ್ನು ರಚಿಸಿದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಉಳಿದ ಜಿಲ್ಲೆ ಮೈಸೂರಿಗೆ ಸೇರಿತು. ಆ ಗೆರೆಗಾಗಿ ಹಿರಿಯರು ಎಷ್ಟು ಹೋರಾಡಿದರೆಂಬುದನ್ನು ಕೇಳಿಕೊಂಡೇ ಬೆಳೆದವರು ನಾವು. ಆದರೆ ಗೆರೆಯ ಈಚೆಗೆ ನಾವು ಒಗ್ಗರಣೆ ಎನ್ನುವ ಮಂಡಕ್ಕಿಯ ತಿಂಡಿಯೇ ಆಚೆಗೆ ಉಗ್ಗಾಣಿ. ಅಲ್ಲೂ ಇಲ್ಲೂ ಅದರ ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಬಸ್ಸಿನಲ್ಲಿ ಕುಳಿತವನಿಗೆ ಭಾಷೆ ನಿಲ್ದಾಣದ ಫಲಕದಲ್ಲಿ ಥಟ್ಟನೆ ಬದಲಾಗುತ್ತದೆ. ಸೈಕಲ್ಲಿನವನಿಗೆ ಹಾಗಲ್ಲ. ಸಿರುಗುಪ್ಪದಲ್ಲಿ ತೆಲುಗು ಬೆರೆತ ಕನ್ನಡ, ರಾಯಚೂರಿನಲ್ಲಿ ದಖನಿ ಬೆರೆತ ಕನ್ನಡ, ಮಕ್ತಲ್‌ನಲ್ಲಿ ಕನ್ನಡವೂ ಬರುವ ತೆಲುಗಿನವರು, ಆದಿಲಾಬಾದಿನ ಸಂತೆಯಲ್ಲಿ ಗೊಂಡಿ, ತೆಲುಗು, ಮರಾಠಿ ಒಟ್ಟಿಗೇ ಕಿವಿಗೆ ಬೀಳುತ್ತವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ನಮ್ಮಲ್ಲಿ ಯಾರಿಗೂ ಹೇಳಲಾಗಲಿಲ್ಲ.

ಇದೆಲ್ಲ ಕೇಳಲು ಚೆಂದ. ನಡೆದದ್ದೆಲ್ಲ ಚೆಂದವಿರಲಿಲ್ಲ.

ರಾಯಚೂರು ಬಿಟ್ಟ ದಿನ ನಾವು ಕಿರಿಯರು ನಾಲ್ವರು ಉತ್ಸಾಹದಲ್ಲಿ ಮುಂದೆ ಹೋಗಿಬಿಟ್ಟೆವು. ದೇವಸೂಗೂರಿನ ಬಳಿ ನಿಜಾಮರ ಕಾಲದ ಸೇತುವೆಯ ಮೇಲೆ ನಿಂತು ಕೃಷ್ಣೆಯನ್ನು ನೋಡಿ, ಮಧ್ಯಾಹ್ನದ ಹೊತ್ತಿಗೆ ಮಕ್ತಲ್ ಸೇರಿ, ಹೋಟೆಲಿನಲ್ಲಿ ಉಂಡು, ಮರದ ಕೆಳಗೆ ನಿದ್ದೆಯನ್ನೂ ಮಾಡಿದೆವು. ಇಬ್ಬರು ಸಂಜೆಯ ಹೊತ್ತಿಗೆ ಬಂದರು. ಉಳಿದಿಬ್ಬರು ಬರಲಿಲ್ಲ. ಅವರಲ್ಲೊಬ್ಬರು ಅಂಚೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ನಲವತ್ತು ದಾಟಿದ್ದ ಅವರೇ ನಮ್ಮಲ್ಲಿ ಹಿರಿಯರು. ಇನ್ನೊಬ್ಬ ಬಾಡಿಗೆ ಸೈಕಲ್ಲಿನವನು. ಮೊಬೈಲ್ ಇಲ್ಲದ ಕಾಲ. ಕತ್ತಲಾಯಿತು. ಕಡೆಗೆ ನಮ್ಮಲ್ಲೊಬ್ಬ ಎದುರುಗಡೆ ಹೋಗುತ್ತಿದ್ದ ಲಾರಿ ಹತ್ತಿ ಹಿಂದಕ್ಕೆ ಹೋದ. ಬೆಳಿಗ್ಗೆ ಮೂವರೂ ಬಂದರು. ಬಾಡಿಗೆ ಸೈಕಲ್ಲಿನ ಚೈನು ತುಂಡಾಗಿತ್ತು. ಅದನ್ನು ಸರಿಪಡಿಸುವ ಸಾಮಾನೆಲ್ಲ ಮುಂದೆ ಹೋದ ನನ್ನ ಚೀಲದಲ್ಲಿತ್ತು! ಹತ್ತು ಹನ್ನೆರಡು ಕಿಲೊಮೀಟರ್ ಸೈಕಲ್ ತಳ್ಳಿಕೊಂಡು ನಡೆದ ಅವರಿಗೆ ಹೊಲದಲ್ಲಿ ಕಾವಲಿದ್ದ ವೃದ್ಧೆಯೊಬ್ಬಳು ಗುಡಿಸಲಿನಲ್ಲಿ ಜಾಗ ಕೊಟ್ಟಿದ್ದಳಂತೆ.

ಅಂಚೆಯವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮೆಹಬೂಬ್‌ನಗರದವರೆಗೆ ಅವರು ಮಾತೇ ಆಡಲಿಲ್ಲ. ಅಲ್ಲಿ ರಾತ್ರಿ ಊಟವಾದ ಮೇಲೆ, ನಾಳೆಯಿಂದ ಯಾರು ಹಿಂದೆ ಬೀಳುತ್ತಾರೋ ಅವರೇ ಮುಂದಿರಬೇಕು, ಅವರನ್ನು ಯಾರೂ ದಾಟಕೂಡದು ಎಂದರು. ಸಾಮಾನಿನ ಚೀಲ ಕೊನೆಯವನ ಬಳಿ ಇರಬೇಕು ಎಂಬುದು ಎರಡನೆಯ ನಿಯಮ. ನಮಗೆ ಇದು ಶಿಕ್ಷೆಯೆಂದೇ ತೋರಿತು. ಬಾಡಿಗೆ ಸೈಕಲ್ಲಿನ ಹಿಂದೆ ಬ್ರೇಕ್ ಹಿಡಿದುಕೊಂಡು ಸಾಗುವ ಹಿಂಸೆ ಅನುಭವಿಸಿದವರಿಗೇ ಗೊತ್ತು. ಆದರೆ ಹೈದರಾಬಾದ್ ದಾಟಿದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಯಾರಿಗೂ ಯಾರನ್ನೂ ಕಾಯುವ ಪ್ರಸಂಗವೇ ಬರುತ್ತಿರಲಿಲ್ಲ. ವೇಗ ತಗ್ಗಿದ್ದರೂ ಊರು ತಲುಪುವ ಹೊತ್ತು ತಗ್ಗಲಿಲ್ಲ. ಎಂಟು ಮಂದಿಯೂ ವರೋರಾ ಮುಟ್ಟಿದೆವು.

ಆನಂದವನದಲ್ಲಿ ಬಾಬಾ ಅವರನ್ನು ಕಾಣುವ ಯೋಗ ನಮಗೆ ಒದಗಲಿಲ್ಲ. ಆದರೆ ಕಾಯಿಲೆಯಿಂದ ಬೆರಳುಗಳನ್ನು ಕಳೆದುಕೊಂಡಿದ್ದ ಒಬ್ಬರು ನನ್ನ ರ‍್ಯಾಲೆಯ ಬ್ರೇಕನ್ನು ಎರಡೂ ಅಂಗೈಗಳ ನಡುವೆ ಸ್ಪ್ಯಾನರು ಹಿಡಿದು ಸರಿಮಾಡಿಕೊಟ್ಟರು. ಸಹಾಯಕ್ಕೆ ಕೈ ಚಾಚಿದ ನನಗೆ, ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದ್ದು ನೆನಪಿದೆ.

ಗುಂಪಿನಲ್ಲಿ ಹೊರಡುವುದು ಸುಲಭ, ಗುಂಪಾಗಿ ಮುಟ್ಟುವುದು ಕಷ್ಟ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಜಗತ್ತನ್ನು ಸುತ್ತಲು ಹೊರಟರು. 1928ರ ಮಾರ್ಚಿನಲ್ಲಿ ಸುತ್ತು ಮುಗಿಸಿ ಮರಳಿದವರು ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ, ಈ ಮೂವರೇ. ಅವರು ಬರೆದ ಪುಸ್ತಕಕ್ಕೆ ನೆಹರೂ ಮುನ್ನುಡಿ ಬರೆದರು. ಉಳಿದ ಮೂವರು ಒಬ್ಬೊಬ್ಬರಾಗಿ ದಾರಿಯಲ್ಲಿ ಕಳಚಿಕೊಂಡರು. ಅವರವರ ಕಾರಣಗಳು ಅವರವರಿಗಿದ್ದವು. ಇದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಮರುಭೂಮಿಗಳನ್ನು ದಾಟಿದ ಅವರ ಮುಂದೆ ನಮ್ಮ 800 ಕಿಲೊಮೀಟರ್ ಯಾವ ಲೆಕ್ಕ?

ಮುಂದೆ ಬಳ್ಳಾರಿಯೂ ಬದಲಾಯಿತು, ನಾನೂ ಬದಲಾದೆ. ಈ ಶತಮಾನದ ಮೊದಲ ದಶಕದಲ್ಲಿ ಅದಿರು ಹೊತ್ತ ಲಾರಿಗಳು ಹೊಸಪೇಟೆ ರಸ್ತೆಯನ್ನು ಹಗಲುರಾತ್ರಿ ಆಳಿದವು. ಕೆಂಧೂಳಿನಲ್ಲಿ ಎದುರು ಬರುವವರ ಮುಖವೇ ಕಾಣುತ್ತಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆಯುವ ಹೊತ್ತಿಗೆ ನಮ್ಮಂಥವರ ಮನೆಗಳಿಂದ ಸೈಕಲ್ ಹೊರಟುಹೋಗಿತ್ತು. ಧೂಳು ಇಳಿದ ಮೇಲೂ ಅದು ಮರಳಲಿಲ್ಲ. ನನ್ನ ರ‍್ಯಾಲೆ ಮಾಳಿಗೆಯ ಮೆಟ್ಟಿಲ ಕೆಳಗೆ ಸೇರಿತು. ಆದರೆ ನಮ್ಮ ಮನೆಯಿಂದ ಹೋದದ್ದು ಊರಿನಿಂದ ಹೋಗಿರಲಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನೂರರಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಜೀನ್ಸ್ ಹೊಲಿಯಲು ಕೌಲ್ ಬಜಾರಿಗೆ ಬರುವವರು, ರಾತ್ರಿಪಾಳಿಯ ಕಾವಲುಗಾರರು, ಹಾಲು ಹಾಕುವವರು ತುಳಿಯುತ್ತಲೇ ಇದ್ದರು. ನಮ್ಮ ಕಣ್ಣಿಗೆ ಮಾತ್ರ ಅವರು ಕಾಣುವುದು ನಿಂತುಹೋಗಿತ್ತು.

ನನಗೆ ಅವರು ಮತ್ತೆ ಕಂಡದ್ದು 2020ರ ಮೇ ತಿಂಗಳಿನಲ್ಲಿ. ಲಾಕ್‌ಡೌನಿನ ನಡುವೆ ಬೆಳಗಿನ ಹೊತ್ತು ತರಕಾರಿಗೆಂದು ಹೊರಗೆ ಹೋಗಿದ್ದೆ. ಸಿರುಗುಪ್ಪ ರಸ್ತೆಯ ಬದಿಯಲ್ಲಿ ಬೇವಿನ ಮರದ ಕೆಳಗೆ ಒಂಬತ್ತು ಮಂದಿ ಕುಳಿತಿದ್ದರು, ಏಳು ಸೈಕಲ್ಲುಗಳು. ಬಿಹಾರದ ಗಯಾ ಕಡೆಯವರು. ಹೊಸಪೇಟೆಯ ಕಡೆ ಯಾವುದೋ ಕಟ್ಟಡದ ಕೆಲಸಕ್ಕಿದ್ದವರು. ಕೆಲಸ ನಿಂತಿತ್ತು, ಕೂಲಿ ಬಂದಿರಲಿಲ್ಲ, ಶ್ರಮಿಕ ರೈಲಿಗೆ ಹೆಸರು ಬರೆಸಿ ಕಾದು ಸೋತಿದ್ದರು. ಉಳಿದಿದ್ದ ಹಣದಲ್ಲಿ ಹಳೆಯ ಸೈಕಲ್ಲುಗಳನ್ನು ಕೊಂಡು ಹೊರಟಿದ್ದರು. ರಾಯಚೂರಿಗೆ ದಾರಿ ಇದೇ ತಾನೇ ಎಂದು ನನ್ನನ್ನು ಕೇಳಿದರು.

ಅವರು ಹೋಗಬೇಕಾಗಿದ್ದದ್ದು ನಾವು ಹೋಗಿದ್ದ ದಾರಿಯಲ್ಲೇ. ರಾಯಚೂರು, ಹೈದರಾಬಾದ್, ನಿರ್ಮಲ್, ಆದಿಲಾಬಾದ್. ನಮಗೆ ಕೊನೆಯಾಗಿದ್ದ ಜಾಗದಿಂದ ಅವರಿಗೆ ಇನ್ನೂ ಸಾವಿರ ಕಿಲೊಮೀಟರಿಗೂ ಹೆಚ್ಚು. ನಾವು ಜನವರಿಯ ಹಿತವಾದ ಬಿಸಿಲಿನಲ್ಲಿ, ಸ್ವಂತ ಇಷ್ಟದಿಂದ ಹೋದವರು. ಅವರು 40 ಡಿಗ್ರಿ ದಾಟುವ ಮೇ ತಿಂಗಳಿನಲ್ಲಿ ಹೊರಟವರು. ಚೀಟಿಯ ಹಿಂಬದಿಯಲ್ಲಿ ಊರುಗಳ ಹೆಸರುಗಳನ್ನು ಹಿಂದಿಯಲ್ಲಿ ಬರೆದುಕೊಟ್ಟೆ. ನಮ್ಮ ಅಂಚೆಯವರ ನಿಯಮವನ್ನೂ ಹೇಳಿಕೊಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದರು. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬನನ್ನು ಎಲ್ಲರಿಗಿಂತ ಮುಂದೆ ಬಿಟ್ಟು, ಉಳಿದವರು ಅವನ ಹಿಂದೆ ಸಾಲಾಗಿ ಹೊರಟರು. ನಮಗೆ ಮಕ್ತಲ್‌ನ ರಾತ್ರಿ ಕಲಿಸಬೇಕಾಗಿ ಬಂದದ್ದು ಅವರಿಗೆ ಮೊದಲೇ ಗೊತ್ತಿತ್ತು. ಅವರಲ್ಲಿ ಯಾರದಾದರೂ ಫೋನ್ ಸಂಖ್ಯೆ ಕೇಳಿಕೊಳ್ಳಬೇಕೆಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಒಂಬತ್ತೂ ಮಂದಿ ಮುಟ್ಟಿದರೇ ಎಂಬುದು ಇಂದಿಗೂ ನನಗೆ ತಿಳಿಯದು.

ಗುಂಪಾಗಿ ಸೈಕಲ್ಲಿನಲ್ಲಿ ದೇಶವನ್ನು ದಾಟಿದವರು ಯಾರು ಎಂದು ಯಾರಾದರೂ ಕೇಳಿದರೆ ಆಮ್ಟೆಯವರ 116 ಮಂದಿಯನ್ನು ನಾನು ಹೆಮ್ಮೆಯಿಂದ ಹೆಸರಿಸುತ್ತೇನೆ. ಆದರೆ ಆ ಬೇಸಿಗೆಯಲ್ಲಿ ದೇಶದ ಹೆದ್ದಾರಿಗಳಲ್ಲಿ ಹೀಗೆ ಸಾಲುಸಾಲಾಗಿ ತುಳಿದವರಿಗೆ ಬಾವುಟ ತೋರಿಸಿದವರಾರೂ ಇಲ್ಲ. ಬಹಳ ಕಡೆ ಲಾಠಿ ತೋರಿಸಿದರು. ಗಾಯಗೊಂಡ ತಂದೆಯನ್ನು ಹಿಂದೆ ಕೂರಿಸಿಕೊಂಡು ಗುರುಗ್ರಾಮದಿಂದ ದರ್ಭಂಗಾಕ್ಕೆ ಸುಮಾರು 1,200 ಕಿಲೊಮೀಟರ್ ತುಳಿದ ಹದಿನೈದರ ಬಾಲಕಿಯಲ್ಲಿ ನಾವು ಕಂಡದ್ದು ಒಬ್ಬ ಕ್ರೀಡಾಪಟುವನ್ನು. ಸೈಕ್ಲಿಂಗ್ ಫೆಡರೇಷನ್ ಅವಳನ್ನು ಆಯ್ಕೆ ಪರೀಕ್ಷೆಗೆ ಕರೆಯಿತು. ಅವಳು ಏಕೆ ತುಳಿಯಬೇಕಾಯಿತು ಎಂಬ ಪ್ರಶ್ನೆ ಚಪ್ಪಾಳೆಯ ಸದ್ದಿನಲ್ಲಿ ಮುಳುಗಿತು. ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಬಾಗಿಲು ಮುಚ್ಚಿತು.

ನನ್ನ ಮನೆಗೆ ಬಂದ ಯುವಕರ ಉತ್ಸಾಹಕ್ಕೆ ತಣ್ಣೀರೆರಚಲು ನಾನು ಇದನ್ನೆಲ್ಲ ಹೇಳುತ್ತಿಲ್ಲ. ಅವರು ಹೋಗಲಿ, ಹೋಗಲೇಬೇಕು. ಮಧ್ಯಮ ವರ್ಗದ ಮಕ್ಕಳು ಮತ್ತೆ ಸೈಕಲ್ ಹತ್ತುತ್ತಿರುವುದು ಸಂತೋಷದ ಸಂಗತಿ. ನನ್ನ ಆಕ್ಷೇಪ ಇಷ್ಟೇ: ಸೈಕಲ್ ಹವ್ಯಾಸವಾದಾಗ ಅದಕ್ಕೆ ಬಾವುಟ, ವ್ಯಾನು, ಪೊಲೀಸ್ ರಕ್ಷಣೆ ಒದಗಿಸುವ ಸಮಾಜ, ಅದು ಅಗತ್ಯವಾದಾಗ ರಸ್ತೆಯ ಅಂಚನ್ನೂ ಬಿಟ್ಟುಕೊಡುವುದಿಲ್ಲ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ 150ಎ ಹೆದ್ದಾರಿಯಲ್ಲಿ ಭತ್ತದ ಸುಗ್ಗಿಯ ಕಾಲದ ಸಂಜೆ ಒಮ್ಮೆ ನಿಂತು ನೋಡಿ. ಟ್ರಾಕ್ಟರು, ಲಾರಿ, ಬಸ್ಸುಗಳ ನಡುವೆ, ಡಾಂಬರಿನಿಂದ ಕೆಳಗಿಳಿದ ಜಲ್ಲಿಯ ಮೇಲೆ, ದೀಪವಿಲ್ಲದ ಸೈಕಲ್ಲಿನಲ್ಲಿ ಕೂಲಿಯವನು ತಡಬಡಿಸುತ್ತಿರುತ್ತಾನೆ. ರಸ್ತೆಯ ಜಾಗ ಹಂಚುವಾಗ ವಾಹನಗಳನ್ನಲ್ಲ, ಜನರನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕೆಂದು ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು 2006ರಲ್ಲಿ. ಹೆದ್ದಾರಿಗೆ ಆ ನೀತಿ ಅನ್ವಯಿಸದೆಂದು ಎಂಜಿನಿಯರುಗಳು ವಾದಿಸಬಹುದು. ಬಳ್ಳಾರಿ ನಗರದ ಒಳಗಿನ ರಸ್ತೆಗಳ ಬಗ್ಗೆ ಅವರು ಏನು ಹೇಳುತ್ತಾರೆ?

ಇನ್ನೊಂದು ಗುಂಪು ಇದೆ. ಕರ್ನಾಟಕದಲ್ಲಿ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಕುರುಗೋಡು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಏಳೆಂಟು ಮಂದಿ ಸೇರಿ, ಒಂದೇ ಬಗೆಯ ಸೈಕಲ್ಲಿನಲ್ಲಿ, ಎರಡು ಜಡೆ ಹಾರಿಸುತ್ತ ಪ್ರೌಢಶಾಲೆಗೆ ಹೋಗುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ನಿಜ. ಕೆಲವನ್ನು ಅಪ್ಪಂದಿರು ಹೊಲಕ್ಕೆ ಒಯ್ದರು, ಅದೂ ನಿಜ. ಆದರೆ ಬಿಹಾರದಲ್ಲಿ ಅದೇ ಸುಮಾರಿಗೆ ಬಂದ ಇಂಥದೇ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಅದರಿಂದ ಶೇ 32ರಷ್ಟು ಏರಿತೆಂದು ಕಂಡುಕೊಂಡರು. ಒಬ್ಬಳಿಗೆ ಸೈಕಲ್ ಕೊಟ್ಟರೆ ಮನೆಯವರು ಕಳಿಸಲು ಹೆದರುತ್ತಾರೆ. ಊರಿನ ಎಲ್ಲ ಹುಡುಗಿಯರಿಗೂ ಕೊಟ್ಟರೆ ಗುಂಪು ತಾನಾಗಿ ಹುಟ್ಟುತ್ತದೆ, ಗುಂಪಿನಲ್ಲಿ ಧೈರ್ಯ ಹುಟ್ಟುತ್ತದೆ. ಕೋವಿಡ್‌ನೊಂದಿಗೆ ನಮ್ಮ ರಾಜ್ಯದ ಯೋಜನೆ ನಿಂತುಹೋಯಿತು. ಆಮೇಲೆ ಎಷ್ಟೋ ಮಕ್ಕಳು ಸೈಕಲ್ ಕಾಣದೆಯೇ ಎಂಟನೆಯ ತರಗತಿ ದಾಟಿದರು. ಸೈಕಲ್ಲಿನ ಬದಲು ಬಸ್ಸಿದೆಯಲ್ಲ ಎನ್ನುವವರು ಬೆಳಿಗ್ಗೆ ಎಂಟೂವರೆಗೆ ಹಳ್ಳಿಯ ನಿಲ್ದಾಣದಲ್ಲಿ ನಿಂತು ನೋಡಬೇಕು.

ಈ ಮಾತುಗಳನ್ನು ಆ ಯುವಕರಿಗೆ ಮೊನ್ನೆ ಫೋನಿನಲ್ಲಿ ಹೇಳಿದೆ. ಗಣ್ಯರು ಬಾವುಟ ತೋರಿಸುವ ದಿನ ಅವರ ಕೈಗೆ ಎರಡು ಅರ್ಜಿ ಕೊಡಿ ಎಂದೆ: ಒಂದು ಸಿರುಗುಪ್ಪ ರಸ್ತೆಯ ಅಂಚಿನ ಬಗ್ಗೆ, ಇನ್ನೊಂದು ಮಕ್ಕಳ ಸೈಕಲ್ಲಿನ ಬಗ್ಗೆ. ಹೋಟೆಲು ಕಾಯ್ದಿರಿಸುವುದನ್ನು ಕೆಲವು ದಿನವಾದರೂ ಬಿಟ್ಟು ಶಾಲೆಯ ಜಗಲಿ, ಗುಡಿಯ ಪೌಳಿಯಲ್ಲಿ ಮಲಗಿ ಎಂದೆ. ಹಿಂದೆ ಬೀಳುವವನ ನಿಯಮವನ್ನೂ ಹೇಳಿದೆ. ಅರ್ಜಿಯ ಮಾತಿಗೆ ಒಪ್ಪಿದರು. ಜಗಲಿಯ ಮಾತಿಗೆ ನಕ್ಕರು. ನಿಯಮದ ವಿಷಯ, ‘ನೋಡೋಣ ಸರ್’ ಎಂದರು. 120 ಕಿಲೊಮೀಟರಿನ ಲೆಕ್ಕ ಅವರ ತಲೆಯಿಂದ ಇನ್ನೂ ಇಳಿದಿಲ್ಲ.

ಬರುವ ಭಾನುವಾರ ಅವರು ಅಭ್ಯಾಸಕ್ಕೆಂದು ಕುರುಗೋಡಿಗೆ ಹೋಗಿ, ದೊಡ್ಡಬಸವೇಶ್ವರನ ದರ್ಶನ ಮಾಡಿಕೊಂಡು ಬರಲಿದ್ದಾರೆ, ನನ್ನನ್ನೂ ಕರೆದಿದ್ದಾರೆ. ರ‍್ಯಾಲೆಯನ್ನು ಮೆಟ್ಟಿಲ ಕೆಳಗಿನಿಂದ ಹೊರಗೆ ತೆಗೆದಿದ್ದೇನೆ. ಟ್ಯೂಬುಗಳೆರಡೂ ಅಂಟಾಗಿ ಹೋಗಿದ್ದವು. ನಮ್ಮ ಬೀದಿಯ ಸೈಕಲ್ ಅಂಗಡಿ ಮುಚ್ಚಿ ಬಹಳ ಕಾಲವಾಗಿರುವುದರಿಂದ ಕೌಲ್ ಬಜಾರಿನವರೆಗೆ ತಳ್ಳಿಕೊಂಡು ಹೋಗಿ ಹೊಸದನ್ನು ಹಾಕಿಸಿಕೊಂಡು ಬಂದೆ. ಆ ಹದಿಮೂರು ಮಂದಿಯಲ್ಲಿ ಎಲ್ಲರಿಗಿಂತ ನಿಧಾನದವನು ನಾನೇ ಆಗಿರುವುದರಿಂದ, ಮುಂದಿನ ಜಾಗ ನನಗೆ ಬಿಟ್ಟುಕೊಡುವಂತೆ ಅವರಿಗೆ ತಿಳಿಸಿದ್ದೇನೆ. ಬೆಳಿಗ್ಗೆ ಐದೂವರೆಗೆ ಹೊರಡುವುದೆಂದು ಗೊತ್ತಾಗಿದೆ.